ಏಳನೇ ವಾಲ್ವಿನ ಇಪ್ಪತ್ತೆರಡು

ನೀರು ಸರಬರಾಜು ಕಚೇರಿಯ ಹಸಿರು ರಟ್ಟಿನ ರಿಜಿಸ್ಟರಿನಲ್ಲಿ ಒಂದು ಸಾಲಿದೆ: 'ವಾಲ್ವ್ ನಿರ್ವಾಹಕನು ತಪ್ಪು ಸಂಖ್ಯೆ ನೀಡಿದ ಕಾರಣ ಏಳನೇ ವಾಲ್ವ್ ಮುರಿದಿರುತ್ತದೆ.'

ಅವನು ತಪ್ಪು ಸಂಖ್ಯೆ ಕೊಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆರು ವರ್ಷದಿಂದ ಅವನು ಸಿಕ್ಕಸಿಕ್ಕವರಿಗೆಲ್ಲ ಮೊದಲು ಹೇಳುವುದು ಇದನ್ನೇ. ಕ್ಷೌರದಂಗಡಿಯಲ್ಲಿ ಗಲ್ಲದ ತುಂಬ ಸೋಪಿನ ನೊರೆ ಇಟ್ಟುಕೊಂಡು ಹೇಳಿದ್ದಾನೆ. ಹಲ್ಲು ಕೀಳಿಸಿಕೊಳ್ಳಲು ಹೋದಾಗ, ಎಲ್ಲಿ ನೋಯುತ್ತದೆ ಎಂದು ಹೇಳುವ ಮುಂಚೆ ಡಾಕ್ಟರಿಗೆ ಹೇಳಿದ್ದಾನೆ. ಕೇಳಿದವರೆಲ್ಲ "ಹೌದಾ" ಎಂದಿದ್ದಾರೆ. ಆ 'ಹೌದಾ' ಅವನಿಗೆ ಯಾವ ಮೂಲೆಗೂ ಸಾಲದು. ರಿಜಿಸ್ಟರಿನ ಆ ಸಾಲಿನ ಮೇಲೆ ಕೆಂಪು ಗೀಟು ಬೀಳಬೇಕು. ಬಿದ್ದಿಲ್ಲ.

ಅವನನ್ನು ಎಲ್ಲರೂ ಕರೆಯುವುದು ಕೀಲಿಯಣ್ಣ ಎಂದು. ಕೀಲಿ ಎಂದರೆ ಜೇಬಿನಲ್ಲಿ ಹಿಡಿಸುವಂಥದ್ದಲ್ಲ. ಎದೆಮಟ್ಟದ ಕಬ್ಬಿಣದ ಸಲಾಕೆ. ಬುಡದಲ್ಲಿ ಚೌಕಾಕಾರದ ಬಾಯಿ, ತಲೆಯಲ್ಲಿ ಅಡ್ಡಲಾಗಿ ಎರಡು ಕೈ. ಬೀದಿಯ ಮಧ್ಯದ ಕಬ್ಬಿಣದ ಮುಚ್ಚಳ ಎತ್ತಿ, ಗುಂಡಿಯೊಳಗಿನ ವಾಲ್ವಿನ ತಲೆಗೆ ಆ ಬಾಯಿ ಕೂರಿಸಿ, ಕೈ ಹಿಡಿದು ಒಂದು ಕಡೆಗೆ ತಿರುಗಿಸಿದರೆ ಬೀದಿಗೆ ನೀರು. ಇನ್ನೊಂದು ಕಡೆಗೆ ತಿರುಗಿಸಿದರೆ ಬೀದಿಯಿಂದ ಬೈಗುಳ. ಇಪ್ಪತ್ತಾರು ವರ್ಷ ಅವನು ಇವೆರಡನ್ನೂ ಹೊತ್ತು ತಪ್ಪದೆ ನಡೆಸಿಕೊಂಡು ಬಂದಿದ್ದ.

ಓದಿದ್ದು ನಾಲ್ಕನೇ ತರಗತಿ. ಐದನೆಯದರ ಮೊದಲ ದಿನವೇ ಮೇಷ್ಟ್ರು ಅವನ ಕಿವಿ ಹಿಂಡಿದರು, ಅವನು ಮೇಷ್ಟ್ರ ಕೊಡೆ ಮುರಿದ, ಅಲ್ಲಿಗೆ ವಿದ್ಯೆ ಸಂಪೂರ್ಣವಾಯಿತು. ಕೆಲವು ವರ್ಷ ಪೈಪಿಗೆ ನೆಲ ಅಗೆದ. ಆಮೇಲೆ, ನಿವೃತ್ತಿಗೆ ಬಂದಿದ್ದ ಹಳೆಯ ಕೀಲಿಯವರು ಅವನಿಗೆ ಕೆಲಸ ಕಲಿಸಿದರು. ಕಲಿಸಿದ್ದು ಎರಡೇ ವಾಕ್ಯ. "ಕಾಲು ಅಗಲಿಸಿ ನಿಂತ್ಕೋ. ಕೀಲಿ ಕೈ ನಿನ್ನ ಹೊಟ್ಟೆ ಮುಂದೆ ಬಂದಾಗೆಲ್ಲ ಒಂದೊಂದು ಎಣಿಸು." ಅವನು ಹಾಗೆಯೇ ಎಣಿಸಿದ. ಕೀಲಿಗೆ ಎರಡು ಕೈ ಇರುವುದರಿಂದ ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಹೊಟ್ಟೆಯ ಮುಂದೆ ಎರಡು ಸಲ ಕೈ ಬರುತ್ತದೆ, ಅವನ ಲೆಕ್ಕ ಎರಡಾಗುತ್ತದೆ. ಇದರಲ್ಲಿ ಹೇಳುವಂಥದ್ದೇನಿದೆ ಎಂದು ಅವನಿಗೂ ತೋಚಲಿಲ್ಲ, ಕೇಳಬೇಕೆಂದು ಇನ್ನೊಬ್ಬರಿಗೂ ತೋಚಲಿಲ್ಲ. ಹತ್ತೊಂಬತ್ತು ವಾಲ್ವುಗಳ ಹತ್ತೊಂಬತ್ತು ಸಂಖ್ಯೆ ಅವನ ತಲೆಯಲ್ಲಿದ್ದವು. ಮಗಳ ಹುಟ್ಟಿದ ದಿನ ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದ. ಹನ್ನೊಂದನೇ ವಾಲ್ವ್ ಎಷ್ಟು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದ.

ಅವನ ಪಾಲಿಗಿದ್ದದ್ದು ಮೂರು ಬೀದಿ: ಕೆಳಗಿನದು, ನಡುವಿನದು, ಮೇಲಿನದು. ಟ್ಯಾಂಕಿನಲ್ಲಿ ಇರುವಷ್ಟು ನೀರನ್ನು ಮೂರಕ್ಕೂ ಸರದಿಯ ಮೇಲೆ ಬಿಡಬೇಕು. ಕೆಳಗಿನ ಬೀದಿಯ ಏಳನೇ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಮೇಲಿನ ಬೀದಿಗೆ ನೀರು ಹತ್ತುವುದಿಲ್ಲ, ನಲ್ಲಿ ಬರೀ ಉಸಿರು ಬಿಡುತ್ತದೆ. ಅವನ ಮನೆ ಇದ್ದದ್ದು ಮೇಲಿನ ಬೀದಿಯ ತುತ್ತತುದಿಯಲ್ಲಿ. 'ತನ್ನ ಬೀದಿಗೆ ತಿರುಗಿಸಿಕೊಂಡ' ಎಂಬ ಮಾತು ಬರಬಾರದೆಂದು ಅವನು ಮೇಲಿನ ಬೀದಿಯ ಸರದಿಯನ್ನು ಗಡಿಯಾರ ನೋಡಿ, ಎರಡು ನಿಮಿಷ ಮೊದಲೇ ನಿಲ್ಲಿಸುತ್ತಿದ್ದ. ಅವನ ಹೆಂಡತಿ ಮದುವೆಯಾದಾಗಿನಿಂದ ಕೊನೆಯ ಕೊಡವನ್ನು ಮುಕ್ಕಾಲು ಮಾತ್ರ ತುಂಬಿಸಿದ್ದಳು.

"ಆ ಎರಡು ನಿಮಿಷ ಯಾರ ಹೊಟ್ಟೆಗೆ ಹೋಗುತ್ತೆ ರೀ?" ಎಂದು ಅವಳು ಕೇಳುತ್ತಿದ್ದಳು.

"ಮಾನಕ್ಕೆ ಹೋಗುತ್ತೆ."

"ಹಾಗಾದ್ರೆ ನಿಮ್ಮ ಮಾನದಲ್ಲೇ ಇವತ್ತು ಪಾತ್ರೆ ತೊಳ್ಕೊಡಿ."

ಹೀಗಿರುವಾಗ ನೀರಿನ ಸಮಿತಿ ಬಂತು. ಇನ್ನು ಮೇಲೆ ನೀರಿನ ವಿಷಯದಲ್ಲಿ ಜನರೂ ಕೈಜೋಡಿಸಬೇಕು, ಮುಚ್ಚುಮರೆ ಇರಕೂಡದು, ಎಲ್ಲವೂ ಗೋಡೆಯ ಮೇಲೆ ಇರಬೇಕು ಎಂದು ಕಚೇರಿಯಿಂದ ಕಾಗದ ಬಂದಿತ್ತು. ಸಮಿತಿಗೆ ಅಧ್ಯಕ್ಷೆಯಾದದ್ದು ನಡುವಿನ ಬೀದಿಯ ಕಂಡಕ್ಟರಮ್ಮ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಹೆಂಗಸು. ಈಗಲೂ ನಿಂತು ಮಾತಾಡುವಾಗ ಕಾಲು ಅಗಲಿಸಿ, ಒಂದು ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡಿರುತ್ತಿದ್ದಳು, ನೆಲ ಯಾವಾಗ ಬ್ರೇಕ್ ಹಾಕುತ್ತದೋ ಎಂಬಂತೆ. ಕಾರ್ಯದರ್ಶಿಯಾದದ್ದು ಕೆಳಗಿನ ಬೀದಿಯ ದರ್ಜಿ. ಇವನು ಕೀಲಿಯಣ್ಣನ ಹೆಂಡತಿಯ ತಮ್ಮ. ಅಕ್ಕನನ್ನು ಕಂಡರೆ ಪ್ರಾಣ ಬಿಡುತ್ತಿದ್ದ, ಭಾವನನ್ನು ಕಂಡರೆ ನಾಲಿಗೆ ಹರಿಬಿಡುತ್ತಿದ್ದ.

ಮೊದಲ ಸಭೆ ಶಾಲೆಯಲ್ಲಿ, ಎರಡನೇ ತರಗತಿಯ ಕೋಣೆಯಲ್ಲಿ ನಡೆಯಿತು. ದೊಡ್ಡವರೆಲ್ಲ ಮಕ್ಕಳ ಬೆಂಚಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು.

"ಕೀಲಿಯಣ್ಣ, ಯಾವ ವಾಲ್ವ್ ಎಷ್ಟು ತಿರುಗಿಸ್ಬೇಕು ಅಂತ ಒಂದೊಂದಾಗಿ ಹೇಳಿ, ಬರ್ಕೊಳ್ತೀವಿ," ಎಂದಳು ಕಂಡಕ್ಟರಮ್ಮ.

"ಯಾಕೆ?"

"ಪಂಪ್‌ಹೌಸ್ ಗೋಡೆ ಮೇಲೆ ಬರೆಸೋಕೆ."

"ನಿಮ್ಮ ಮನೆ ಬೀಗದ ಕೈ ಎಲ್ಲಿಡ್ತೀರಿ ಅಂತಾನೂ ಪಕ್ಕದಲ್ಲೇ ಬರೆಸಿ."

"ನನ್ನ ಮನೆ ನನ್ನದು ಕಣಣ್ಣ. ನೀರು ಎಲ್ಲರದ್ದು."

"ಇಪ್ಪತ್ತಾರು ವರ್ಷ ನೀರು ಬಿಟ್ಟಿರೋದು ನಾನು. ಗೋಡೆ ಅಲ್ಲ."

"ನಾನೂ ಮೂವತ್ತು ವರ್ಷ ಬಸ್ಸಲ್ಲಿದ್ದೆ. ಎಷ್ಟು ಗಂಟೆಗೆ ಬಸ್ಸು ಅಂತ ನಿಲ್ದಾಣದಲ್ಲಿ ದೊಡ್ಡದಾಗಿ ಬರ್ದಿರ್ತಿತ್ತು. ಅದ್ರಿಂದ ನನ್ನ ಸೀಟಿ ಯಾರೂ ಕಿತ್ಕೊಳ್ಳಲಿಲ್ಲ."

"ಬರ್ದಿದ್ದ ಹೊತ್ತಿಗೆ ಬಸ್ಸೂ ಬರ್ತಿರಲಿಲ್ಲ ಬಿಡಿ ಅಕ್ಕ," ಎಂದ ದರ್ಜಿ.

ಕೋಣೆ ನಕ್ಕಿತು. ಕೀಲಿಯಣ್ಣನ ಪಿತ್ತ ನೆತ್ತಿಗೇರಿತು. ಎದ್ದು ಹೊರಟ. ಮಕ್ಕಳ ಬೆಂಚು ತೊಡೆಗೆ ಸಿಕ್ಕಿಕೊಂಡು ಎರಡು ಹೆಜ್ಜೆ ಜೊತೆಯಲ್ಲೇ ಬಂತು, ಅದನ್ನೂ ಬೈದು ಹೊರಗೆ ಹೋದ.

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿ ಹೇಳಿದಳು: "ಹೇಳ್ಬಿಡಿ. ನಾಳೆ ನೀವು ಬಿದ್ದು ತಲೆಗೆ ಪೆಟ್ಟಾದ್ರೆ ಹತ್ತೊಂಬತ್ತೂ ಹೋಯ್ತು. ಆಮೇಲೆ ನೀರಿಗೋಸ್ಕರ ಜನ ನಿಮ್ಮ ಕಿವಿಯೊಳಗೆ ಬಗ್ಗಿ ನೋಡ್ಬೇಕಾ?"

"ನಾನು ಬೀಳೋನಲ್ಲ."

"ಹೋದ ತಿಂಗಳು ಬಿದ್ರಿ."

"ಅದು ಜಾರಿದ್ದು."

ಮರುದಿನ ಅವನು ದರ್ಜಿಯ ಅಂಗಡಿಗೆ ಹೋಗಿ, ಕೂರದೆ, ನಿಂತಲ್ಲೇ, ಒಂದೇ ಉಸಿರಿನಲ್ಲಿ ಹತ್ತೊಂಬತ್ತು ಸಂಖ್ಯೆ ಹೇಳಿ ತಿರುಗಿ ಬಂದ. ದರ್ಜಿ ಅದನ್ನು ಜನರ ಎದೆ ಸೊಂಟದ ಅಳತೆ ಬರೆದುಕೊಳ್ಳುವ ಪುಸ್ತಕದಲ್ಲೇ ಬರೆದುಕೊಂಡ. ಮೇಲೆ ಒಂದು ತಲೆಬರಹ ಇರಲಿ ಎಂದು ತಾನೇ 'ಸುತ್ತು' ಎಂದು ಸೇರಿಸಿದ. ನೀಲಿ ಬಣ್ಣದಲ್ಲಿ ಅದು ಪಂಪ್‌ಹೌಸಿನ ಗೋಡೆ ಹತ್ತಿತು. ಏಳನೇ ವಾಲ್ವ್, ಇಪ್ಪತ್ತೆರಡು ಸುತ್ತು. ಒಂದು ವಾರ ಜನ ಬಂದು ಓದಿ ತಲೆದೂಗಿ ಹೋದರು. ಕೀಲಿಯಣ್ಣ ಆ ಗೋಡೆಯ ಕಡೆ ತಲೆಯೆತ್ತಿ ನೋಡಲಿಲ್ಲ. ತನಗೆ ಗೊತ್ತಿರುವುದನ್ನು ತಾನೇ ಓದುವುದೇನು?

ಅದೇ ತಿಂಗಳು ಕಚೇರಿಯ ಇಂಜಿನಿಯರ್ ಇನ್ನೊಂದು ಕಾಗದ ತಂದ. ಯುವಕ, ಕನ್ನಡಕ ಒರೆಸುವುದಕ್ಕೇ ಅರ್ಧ ಆಯಸ್ಸು ಕಳೆಯುವವನು. ಇನ್ನು ಮುಂದೆ ಕೀಲಿ ಯಾರ ಕೈಯಲ್ಲಿರಬೇಕೆಂದು ಜನರೇ ಹೇಳಬೇಕು. ತಿಂಗಳ ಕೊನೆಯೊಳಗೆ ಮೂರೂ ಬೀದಿಯವರು ಸಹಿ ಹಾಕಿದರೆ ಕೀಲಿಯಣ್ಣನೇ. ಒಂದು ಬೀದಿ ಒಪ್ಪದಿದ್ದರೂ ಕೀಲಿ ಕಂಟ್ರಾಕ್ಟರ್ ಕಡೆಯವನಿಗೆ.

"ಮನೆಮನೆಗೆ ಹೋಗಿ ಒಂದು ಮಾತು ಕೇಳಿಬನ್ನಿ," ಎಂದ ಇಂಜಿನಿಯರ್.

"ಇಪ್ಪತ್ತಾರು ವರ್ಷ ಮನೆಮನೆಗೆ ನೀರು ಹೋಗಿದೆ. ಅದನ್ನೇ ಕೇಳ್ಕೊಳ್ಳಿ," ಎಂದು ಕೀಲಿಯಣ್ಣ ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿಗಿಟ್ಟ. ಅಂಗಿ ಒಗೆಯಲು ಹೋಯಿತು. ಹೆಂಡತಿ ಕಾಗದ ತೆಗೆದು ಒಣಗಿಸಿ, ಇಸ್ತ್ರಿ ಹಾಕಿ ಕಂಡಕ್ಟರಮ್ಮನಿಗೆ ಕೊಟ್ಟುಬಂದಳು. ಮೇಲಿನ ಬೀದಿ ಮತ್ತು ನಡುವಿನ ಬೀದಿಯವರು ಎರಡು ದಿನದಲ್ಲಿ ಸಹಿ ಹಾಕಿದರು. ಕೆಳಗಿನ ಬೀದಿಯವರು ನೋಡೋಣ ಎಂದರು.

ಆಗಲೇ ಅವನಿಗೆ ಜ್ವರ ಬಂತು. ಇಪ್ಪತ್ತಾರು ವರ್ಷದಲ್ಲಿ ಅವನು ಮಲಗಿದ್ದು ಅದೇ ಮೊದಲು. ಮೈ ಕೆಂಡವಾಗಿತ್ತು, ಆದರೂ ಬೆಳಿಗ್ಗೆ ಆರಕ್ಕೆ ಎದ್ದು ಕೀಲಿ ಹುಡುಕಿದ. ಹೆಂಡತಿ ಅದನ್ನು ಆಗಲೇ ಸಮಿತಿಗೆ ಕಳಿಸಿದ್ದಳು.

"ಗೋಡೆ ಮೇಲೆ ಬರ್ದಿದೆಯಲ್ಲ, ಅವ್ರೇ ಬಿಡ್ತಾರೆ. ಸುಮ್ನೆ ಮಲ್ಕೊಳ್ಳಿ."

ಹಿಂದಿನ ಸಂಜೆಯ ಸರದಿ ಕೆಳಗಿನ ಬೀದಿಯದ್ದು. ಹಾಗಾಗಿ ಬೆಳಗಿನ ಮೊದಲ ಕೆಲಸ ಏಳನೇ ವಾಲ್ವ್ ಮುಚ್ಚುವುದು. ಕಂಡಕ್ಟರಮ್ಮ, ದರ್ಜಿ ಮತ್ತು ಕೆಳಗಿನ ಬೀದಿಯ ನಾಲ್ಕು ಜನ ಹುರುಪಿನಿಂದ ಹೋದರು. ದರ್ಜಿ ಕೀಲಿ ತಿರುಗಿಸಿದ, ಕಂಡಕ್ಟರಮ್ಮ ಎಣಿಸಿದಳು. ಹನ್ನೊಂದಕ್ಕೆ ಕೀಲಿ ನಿಂತಿತು. ಗೋಡೆ ಇಪ್ಪತ್ತೆರಡು ಎನ್ನುತ್ತಿತ್ತು.

"ಭಾವನ ಕೆಲ್ಸ ಇದು," ಎಂದ ದರ್ಜಿ. "ಬೇರೆಯವ್ರಿಗೆ ತಿರುಗಬಾರ್ದು ಅಂತ ಬಿಗಿ ಮಾಡಿಟ್ಟಿದ್ದಾರೆ."

ಉದ್ದದ ಪೈಪು ತಂದು ಕೀಲಿಯ ಕೈಗೆ ಸಿಕ್ಕಿಸಿದರು. ಐದು ಜನ ಹಿಡಿದು ಒಂದೇ ಸಲಕ್ಕೆ ಜಗ್ಗಿದರು. ನೆಲದೊಳಗೆ ಟಕ್ ಎಂದಿತು. ಆಮೇಲೆ ಕೀಲಿ ಬೆಣ್ಣೆಯಲ್ಲಿ ಇಟ್ಟಂತೆ ಸಲೀಸಾಗಿ ತಿರುಗತೊಡಗಿತು. ಕಂಡಕ್ಟರಮ್ಮ ಇಪ್ಪತ್ತೆರಡರವರೆಗೆ ಎಣಿಸಿದಳು. ಎಲ್ಲರೂ ಕೈ ಒರೆಸಿಕೊಂಡು, ಕೆಲಸ ಇಷ್ಟೇ ಎಂದರು.

ಮೇಲಿನ ಬೀದಿಯ ತುದಿಯ ಮನೆಯಲ್ಲಿ ಕೀಲಿಯಣ್ಣ ಕಂಬಳಿ ಹೊದ್ದು ಮಲಗಿದ್ದ. ಅಡುಗೆಮನೆಯ ನಲ್ಲಿಯಿಂದ ನೀರು ಪಾತ್ರೆಗೆ ಬೀಳುವ ಸದ್ದು ಕೇಳಿಸಿತು. ನಲ್ಲಿ ಎರಡು ಸಲ ಕೆಮ್ಮಿ, ಮೂರನೇ ಸಲ ಭರ್ರೆಂದು ಬಂತು. ಸರದಿ ಮುಗಿಯುವ ಹೊತ್ತು ದಾಟಿದರೂ ನಿಲ್ಲಲಿಲ್ಲ. ಅವನು ಎದ್ದು ಕೂತ.

"ಏಳನೇದನ್ನ ಮುರಿದ್ರು," ಎಂದ.

"ಜ್ವರ ತಲೆಗೇರಿದೆ, ಮಲ್ಕೊಳ್ಳಿ," ಎಂದಳು ಹೆಂಡತಿ. ಅವಳು ಜೀವಮಾನದಲ್ಲಿ ಮೊದಲ ಸಲ ಕೊನೆಯ ಕೊಡವನ್ನು ಕಂಠದವರೆಗೆ ತುಂಬಿಸುತ್ತಿದ್ದಳು.

ಅವನ ತಲೆಗೆ ಏನೂ ಏರಿರಲಿಲ್ಲ. ವಾಲ್ವಿನೊಳಗಿನ ಉದ್ದನೆಯ ತಿರುಪು, ಸ್ಪಿಂಡಲ್ ಎನ್ನುತ್ತಾರೆ, ತುಂಡಾಗಿ ಬಾಗಿಲು ಮುಚ್ಚಿದಲ್ಲೇ ಸಿಕ್ಕಿಕೊಂಡಿತ್ತು. ಕೆಳಗಿನ ಬೀದಿಗೆ ಒಂದು ತೊಟ್ಟೂ ಹೋಗುವಂತಿರಲಿಲ್ಲ. ಆ ನೀರೆಲ್ಲ ಮೇಲಿನ ಬೀದಿಗೆ ಹತ್ತಿತು. ಎದುರು ಮನೆಯ ಬಡಗಿ ತನ್ನ ಮನೆಯ ಗೋಡೆ ತೊಳೆದು, ಮೆಟ್ಟಿಲು ತೊಳೆದು, ಇನ್ನೇನು ತೊಳೆಯುವುದೆಂದು ಸುತ್ತ ನೋಡುತ್ತಿದ್ದ. ಹೊಸ ಸ್ಪಿಂಡಲ್ ಬರಲು ಹತ್ತು ದಿನ ಎಂದಿತು ಕಚೇರಿ.

ಮಧ್ಯಾಹ್ನಕ್ಕೆ ದರ್ಜಿ ಬಂದು ಬಾಗಿಲಲ್ಲಿ ನಿಂತ. "ಏನ್ ಭಾವ, ನಿಮ್ಮ ಬೀದಿಗೆ ನೀರು, ನಮ್ಮ ಬೀದಿಗೆ ಗಾಳಿ. ಚೆನ್ನಾಗಿ ಹೇಳಿದ್ರಿ ನಂಬರು."

"ಲೋ, ಏಳನೇದಕ್ಕೆ ಇಪ್ಪತ್ತೆರಡೇ."

"ಹನ್ನೊಂದಕ್ಕೇ ನಿಂತ್ಕೊಳ್ತು."

"ನಿನಗೆ ಎಣಿಸೋಕೆ ಬರಲ್ಲ."

"ನಾನು ಎಣಿಸಲಿಲ್ಲ, ಕಂಡಕ್ಟರಮ್ಮ ಎಣಿಸಿದ್ದು. ಮೂವತ್ತು ವರ್ಷ ಜನರ ತಲೆ ಎಣಿಸಿದ ಹೆಂಗಸು."

ಕೀಲಿಯಣ್ಣ ಹಾಸಿಗೆಯ ಪಕ್ಕದ ಲೋಟ ಎತ್ತಿ ಎಸೆದ. ದರ್ಜಿಗೆ ತಾಗಲಿಲ್ಲ. ಕೆಳಗಿನ ಬೀದಿಯಲ್ಲಿ ಆ ಸಂಜೆಯೊಳಗೆ ಒಂದೇ ಮಾತು ಹಬ್ಬಿತು: ತನ್ನ ಬೀದಿಗೆ ನೀರು ಹತ್ತಿಸಿಕೊಳ್ಳಲು ಬೇಕೆಂದೇ ತಪ್ಪು ಸಂಖ್ಯೆ ಬರೆಸಿದ್ದಾನೆ. ಇಪ್ಪತ್ತಾರು ವರ್ಷ ಎರಡು ನಿಮಿಷ ಮೊದಲೇ ನಿಲ್ಲಿಸಿ ಉಳಿಸಿಕೊಂಡಿದ್ದ ಮಾನ ಒಂದೇ ಹಗಲಿನಲ್ಲಿ ನೀರುಪಾಲಾಯಿತು. ಸಹಿಯ ಮಾತು ಯಾರೂ ಎತ್ತಲಿಲ್ಲ.

ಮೂರನೇ ದಿನ ಇಂಜಿನಿಯರ್ ವಿಚಾರಣೆಗೆ ಬಂದ. ಮೂರು ಬೀದಿಯ ಜನ ಏಳನೇ ವಾಲ್ವಿನ ಗುಂಡಿಯ ಸುತ್ತ ಸೇರಿದ್ದರು. ಕೀಲಿಯಣ್ಣ ಕಂಬಳಿ ಹೊದ್ದೇ ಬಂದ, ಯಾರ ಮುಖವನ್ನೂ ನೋಡದೆ ಪಕ್ಕದ ಎಂಟನೇ ವಾಲ್ವಿನ ಮುಚ್ಚಳ ಎತ್ತಿದ.

"ಇದೂ ಏಳನೇದೂ ಅವಳಿಜವಳಿ. ಇದಕ್ಕೂ ಇಪ್ಪತ್ತೆರಡು. ನೋಡ್ಕೊಳ್ಳಿ, ಕಣ್ಣು ಇರೋರು."

ಕೀಲಿ ಕೂರಿಸಿ, ಗಟ್ಟಿಯಾಗಿ ಎಣಿಸುತ್ತ ತಿರುಗಿಸಿದ. ಇಪ್ಪತ್ತೆರಡಕ್ಕೆ ವಾಲ್ವ್ ಸರಿಯಾಗಿ ಮುಚ್ಚಿತು. ಜನರಲ್ಲಿ ಗುಸುಗುಸು ಎದ್ದಿತು. ಕಂಡಕ್ಟರಮ್ಮ ಮಾತ್ರ ಹುಬ್ಬು ಗಂಟಿಕ್ಕಿ, ತುಟಿ ಅಲ್ಲಾಡಿಸುತ್ತ ನಿಂತಿದ್ದಳು. ಅವಳ ಎಣಿಕೆಯಲ್ಲಿ ಹನ್ನೊಂದೇ ಆಗಿತ್ತು.

"ಅಣ್ಣ, ಇನ್ನೊಂದು ಸಲ ತೆಗೀರಿ," ಎಂದು ಮುಂದೆ ಬಂದು, ತನ್ನ ಕೆಂಪು ಕರವಸ್ತ್ರವನ್ನು ಕೀಲಿಯ ಒಂದು ಕೈಗೆ ಗಂಟು ಹಾಕಿದಳು. ಅವನು ತಿರುಗಿಸಿದ. ಕೆಂಪು ಕೈ ಹೊಟ್ಟೆಯ ಮುಂದೆ ಬಂತು, ಅವನು ಒಂದು ಎಂದ. ಬರಿ ಕೈ ಬಂತು, ಎರಡು ಎಂದ. ಮತ್ತೆ ಕೆಂಪು ಬಂತು, ಮೂರು ಎಂದ.

"ನಿಲ್ಲಿಸಿ," ಎಂದಳು. "ನೀವು ಹತ್ತಿದವರನ್ನೂ ಎಣಿಸ್ತೀರಿ, ಇಳಿದವರನ್ನೂ ಎಣಿಸ್ತೀರಿ. ನಾವು ಬಸ್ಸನ್ನ ಎಣಿಸಿದ್ವಿ."

ಅವನ ಎರಡು ಎಂದರೆ ಅವರ ಒಂದು ಸುತ್ತು ಎಂಬುದು ಜನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಯಾರೋ ನಕ್ಕರು, ಕೀಲಿಯಣ್ಣನ ಮುಖ ನೋಡಿ ನಿಲ್ಲಿಸಿದರು.

"ಅಂದ್ರೆ ನಾನು ಹೇಳಿದ್ದು ಸರಿ," ಎಂದ ಅವನು.

"ಸರಿ."

"ಇವ್ನು ಸುತ್ತು ಅಂತ ಬರ್ದಿದ್ದು ತಪ್ಪು."

"ಭಾವ, ತಿರುಗಿಸೋದನ್ನ ಸುತ್ತು ಅನ್ನದೆ ಏನು ಮೊಳ ಅಂತೀನಾ?" ಎಂದ ದರ್ಜಿ.

ಇಂಜಿನಿಯರ್ ಕನ್ನಡಕ ಒರೆಸಿ, ಹಾಕಿಕೊಂಡು, ಹಸಿರು ರಿಜಿಸ್ಟರ್ ತೆರೆದು 'ತಪ್ಪು ಸಂಖ್ಯೆ ನೀಡಿದ ಕಾರಣ' ಎಂಬ ಆ ಸಾಲು ಬರೆದ. ಕೀಲಿಯಣ್ಣ ಬಗ್ಗಿ, ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದ. ಆಮೇಲೆ ಅವನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕಾರಣದ ಕಾಲಂನಲ್ಲಿ ಏನಾದರೂ ಬರೆಯಲೇಬೇಕು, ಬರೆದದ್ದನ್ನು ಅಳಿಸಲು ಬರುವುದಿಲ್ಲ ಎಂದು ಇಂಜಿನಿಯರ್ ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ.

ಲೆಕ್ಕದ ಗಂಟೇನೋ ಬಿಚ್ಚಿತು, ಕೆಳಗಿನ ಬೀದಿಯ ಮನಸ್ಸು ಬಿಚ್ಚಲಿಲ್ಲ. ಬೇಕೆಂದು ಮಾಡಿದ್ದಲ್ಲ ಎಂದು ಒಪ್ಪಿದರು. ಆದರೆ ಕೊಡ ಖಾಲಿ ಇಟ್ಟುಕೊಂಡು ಕೀಲಿಯವನಿಗೆ ಸಹಿ ಹಾಕುವುದು ಹೇಗೆ? ಮೊದಲು ನೀರು, ಆಮೇಲೆ ಸಹಿ. ಸ್ಪಿಂಡಲಿಗೆ ಇನ್ನೂ ಎಂಟು ದಿನವಿತ್ತು, ತಿಂಗಳ ಕೊನೆಗೆ ಏಳು ದಿನ.

ಕಂಡಕ್ಟರಮ್ಮ ಮತ್ತೆ ಸಭೆ ಕರೆದಳು. ನಡುವಿನ ಬೀದಿಯ ಮೂಲೆಯಲ್ಲಿ ಒಂದು ದೊಡ್ಡ ನಲ್ಲಿ ಇದೆ, ಅಲ್ಲಿಂದ ಕ್ಯಾನ್ವಾಸ್ ಪೈಪ್ ಎಳೆದರೆ ಕೆಳಗಿನ ಬೀದಿಯ ಡ್ರಮ್ಮುಗಳಿಗೆ ನೀರು ಇಳಿಯುತ್ತದೆ. ಆದರೆ ಟ್ಯಾಂಕಿನಲ್ಲಿ ಇರುವುದು ಅಷ್ಟೇ ನೀರು. ಯಾರಾದರೂ ತಮ್ಮ ಸರದಿ ಬಿಟ್ಟುಕೊಡಬೇಕು.

ಕೀಲಿಯಣ್ಣನ ಹೆಂಡತಿ ಎದ್ದುನಿಂತಳು.

"ಮೇಲಿನ ಬೀದಿದು ಬಿಡ್ತೀವಿ. ಐದು ಸರದಿ."

"ಯಾರೂ ನನಗೋಸ್ಕರ ಬೇಡೋದು ಬೇಕಾಗಿಲ್ಲ!" ಎಂದು ಹಿಂದಿನಿಂದ ಗುಡುಗಿದ ಕೀಲಿಯಣ್ಣ.

"ಬೇಡ್ತಿಲ್ಲ ರೀ, ಕೊಡ್ತಿದ್ದೀನಿ. ಸುಮ್ನೆ ಕೂತ್ಕೊಳ್ಳಿ." ತಮ್ಮನ ಕಡೆ ತಿರುಗಿದಳು. "ಸುಮ್ಸುಮ್ನೆ ಅಲ್ಲ ಕಣೋ, ಕಡ. ಏಳನೇದು ರಿಪೇರಿ ಆದ್ಮೇಲೆ ಐದೂ ವಾಪಸ್ ಕೊಡ್ಬೇಕು. ಬರ್ಕೋ."

"ನನ್ನ ಅಕ್ಕನಿಗೆ ನಾನು ಕೊಡದೆ ಇರ್ತೀನಾ?" ಎಂದ ದರ್ಜಿ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಬಡಗಿ ಗೊಣಗಿದ, ಗೋಡೆಯನ್ನು ತೊಳೆದಾಗಿದೆಯಲ್ಲ ಎಂದು ಯಾರೋ ಹೇಳಿದ ಮೇಲೆ ಸುಮ್ಮನಾದ. ನಿರ್ಣಯ ಬರೆದಾಯಿತು.

ಎಲ್ಲ ಸಿದ್ಧವಾಗಿ ಸರದಿ ಶುರುವಾದದ್ದು ಮರುದಿನದಿಂದ, ಒಂದೊಂದು ದಿನಕ್ಕೆ ಒಂದೊಂದು. ಕೀಲಿಯಣ್ಣ ಜ್ವರ ಬಿಟ್ಟು ಎದ್ದ. ಅವನು ಗಟ್ಟಿಯಾಗಿ ಎಣಿಸಬೇಕು, ಪ್ರತಿದಿನ ಒಂದೊಂದು ಮನೆಯಿಂದ ಒಬ್ಬರು ಜೊತೆಗೆ ನಿಂತು ಎಣಿಸಬೇಕು ಎಂದು ಕಂಡಕ್ಟರಮ್ಮ ಷರತ್ತು ಹಾಕಿದ್ದಳು. ಅವನು ಎಷ್ಟು ಗಟ್ಟಿಯಾಗಿ ಎಣಿಸಿದನೆಂದರೆ ನಡುವಿನ ಬೀದಿಯಲ್ಲಿ ಮಲಗಿದ್ದವರೆಲ್ಲ ಎದ್ದರು. ಕಂಡಕ್ಟರಮ್ಮ ಸೀಟಿ ಊದಿ "ಮುಂದೆ ಹೋಗಿ, ಹಿಂದೆ ಡ್ರಮ್ಮಿಗೆ ಜಾಗ ಬಿಡಿ" ಎಂದು ಸಾಲು ನಡೆಸಿದಳು. ಐದು ದಿನ ಮೇಲಿನ ಬೀದಿಯವರು ತುಂಬಿಟ್ಟುಕೊಂಡದ್ದರಲ್ಲೇ ಕೈ ಬಿಗಿ ಹಿಡಿದು ಕಳೆದರು. ಐದನೆಯ ದಿನ ಕೆಳಗಿನ ಬೀದಿಯವರು ಡ್ರಮ್ಮಿನ ಮುಚ್ಚಳದ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಕೊನೆಯ ಸಹಿ ದರ್ಜಿಯದು. ಕೀಲಿ ಕೀಲಿಯಣ್ಣನ ಕೈಯಲ್ಲೇ ಉಳಿಯಿತು.

ಸ್ಪಿಂಡಲ್ ಬಂತು, ಏಳನೇ ವಾಲ್ವ್ ಸರಿಯಾಯಿತು. ಗೋಡೆಯ ಮೇಲೆ 'ಸುತ್ತು' ಎಂಬುದನ್ನು ಅಳಿಸಿ 'ಕೈ' ಎಂದು ಬರೆಸಿದರು. ಜೊತೆಗೆ ನಿಂತು ಎಣಿಸುವ ಪದ್ಧತಿ ಹಾಗೇ ಉಳಿದು, ಈಗ ಮೂರು ಬೀದಿಯಲ್ಲಿ ಅರವತ್ತು ಜನರಿಗಾದರೂ ಕೀಲಿ ತಿರುಗಿಸಲು ಬರುತ್ತದೆ. ಯಾರ ನಲ್ಲಿಯಲ್ಲಾದರೂ ನೀರು ಸಣ್ಣಗೆ ಬಂದರೆ ಬೈಯುವ ಮುಂಚೆ ಗೋಡೆ ನೋಡಿಕೊಂಡು ಬರುತ್ತಾರೆ, ಆಮೇಲೆ ಬೈಯುತ್ತಾರೆ.

ಐದು ಸರದಿ ಮಾತ್ರ ವಾಪಸ್ ಬರಲಿಲ್ಲ. ಮೊದಲ ತಿಂಗಳು, ಡ್ರಮ್ಮು ಈಗಷ್ಟೇ ತುಂಬುತ್ತಿದೆ ಅಕ್ಕ, ತಡಿ ಎಂದ ದರ್ಜಿ. ಆಮೇಲೆ ಬೇಸಿಗೆ ಬಂತು. ಆಮೇಲೆ ಬೀದಿಯಲ್ಲಿ ಮೂರು ಹೊಸ ಸಂಸಾರ ಬಂದವು, ಅವರು ಈ ಕಡ ಮಾಡಿದವರಲ್ಲ. ಹೆಂಡತಿ ತಮ್ಮನನ್ನು ಕಂಡಾಗಲೆಲ್ಲ "ಲೋ, ನನ್ನ ಐದು ಎಲ್ಲೋ?" ಎನ್ನುತ್ತಾಳೆ. "ಎಲ್ಲಿಗೆ ಹೋಗುತ್ತಕ್ಕ, ಪೈಪಲ್ಲೇ ಇದೆ" ಎನ್ನುತ್ತಾನೆ ಅವನು.

ಕೀಲಿಯಣ್ಣ ಮನಸ್ಸು ಮಾಡಿದರೆ ಐದೇ ಬೆಳಿಗ್ಗೆಯ ಕೆಲಸ. ಏಳನೇ ವಾಲ್ವನ್ನು ಮುಚ್ಚಿದ್ದು ಮುಚ್ಚಿದಂತೆಯೇ ಬಿಟ್ಟರಾಯಿತು. ಆದರೆ ಬಾಯಿಬಿಟ್ಟು ಕೇಳಿದರೆ, ನಿನ್ನ ಕೀಲಿ ಉಳಿಸಲು ತಾನೇ ಕೊಟ್ಟದ್ದು ಎನ್ನುತ್ತಾರೆ. ಕೇಳದೆ ತೆಗೆದುಕೊಂಡರೆ, ತನ್ನ ಬೀದಿಗೆ ತಿರುಗಿಸಿಕೊಂಡ ಎನ್ನುತ್ತಾರೆ. ಪ್ರತಿ ಸಭೆಯಲ್ಲೂ ಕಂಡಕ್ಟರಮ್ಮ ಹಳೆಯ ನಿರ್ಣಯ ಓದುತ್ತಾಳೆ, 'ಮೇಲಿನ ಬೀದಿಗೆ ಐದು ಸರದಿ ಬಾಕಿ' ಎಂಬಲ್ಲಿ ನಿಂತು ಕೆಳಗಿನ ಬೀದಿಯವರ ಮುಖ ನೋಡುತ್ತಾಳೆ. ಅವರು ಕೀಲಿಯಣ್ಣನ ಮುಖ ನೋಡುತ್ತಾರೆ. ಕೀಲಿಯಣ್ಣ ಕಿಟಕಿಯ ಕಡೆ ನೋಡುತ್ತಾನೆ.

"ಮುಂದಿನ ವಿಷಯ," ಎನ್ನುತ್ತಾಳೆ ಕಂಡಕ್ಟರಮ್ಮ.